ನಾಲ್ಕನೆಯ ಗೂಡು

ಕೈಗವಸು ತೆಗೆದು ಮುಟ್ಟು ಮಾರಾಯ,
ಈ ಚಳಿಗೆ ರಟ್ಟಿನ ಮೂಲೆ ಬಿರಿಯುತ್ತದೆ.
ಕಾಟೊವಿತ್ಸೆಯ ಭಾನುವಾರದ ಸಂತೆಯಲ್ಲಿ
ನನ್ನ ಬಲಕ್ಕೆ ಹಳೆ ಬೂಟು, ಎಡಕ್ಕೆ ಉಪ್ಪುನೀರಿನ ಸೌತೆ,
ನಡುವೆ ನಾನು, ಡ್ರ್ಯಾಗನ್ನುಗಳ ವ್ಯಾಪಾರಿ.
ಮೂವತ್ತು ವರ್ಷವಾಯಿತು, ಒಂದೂ ಕಚ್ಚಿಲ್ಲ.

ಏನು ಬೇಕೆಂದೆ? ಹಳೆಯದು. ಕತ್ತಿ, ಮಂತ್ರ, ನೆಲಮಾಳಿಗೆ.
ಎಲ್ಲರೂ ಅದನ್ನೇ ಕೇಳುತ್ತಾರೆ.
ನಾನು ಕೇಳುವುದು ಒಂದೇ:
ಸೋಲುವುದಕ್ಕೆ ನಿನಗೆ ಎಷ್ಟು ಪುರುಸೊತ್ತಿದೆ, ಟಿಮೊನ್?

ಇದು ‘ಉಪ್ಪಿನ ಕೋಟೆ’. ಮೊದಲ ಗಂಟೆಯಲ್ಲೇ
ಒಂದು ಇಲಿ ನಿನ್ನನ್ನು ಕೊಲ್ಲುತ್ತದೆ.
ನಗಬೇಡ. ಇಬ್ಬರು ಇಂಜಿನಿಯರು, ಒಬ್ಬ ಪಾದ್ರಿ
ಆ ಇಲಿಯ ಕೈಯಲ್ಲಿ ಸತ್ತದ್ದು ನಾನು ಬಲ್ಲೆ.
ಅದನ್ನು ಗೆದ್ದ ರಾತ್ರಿ ಅಡುಗೆಮನೆಗೆ ಹೋಗಿ
ಬ್ರೆಡ್ಡಿಗೆ ಬೆಣ್ಣೆ ದಪ್ಪಗೆ ಸವರಿಕೊಳ್ಳುತ್ತೀ,
ಯಾರಿಗೂ ಹೇಳದೆ.

ಈ ನೀಲಿಯದು ‘ಸಾಲಗಾರ ರಾಜ’.
ಕತ್ತಿ ಎತ್ತಿದರೆ ಕಥೆ ಕುಗ್ಗುತ್ತದೆ, ಮಾತಾಡಿದರೆ ಹಿಗ್ಗುತ್ತದೆ.
ಸೇತುವೆಯ ಭೂತಕ್ಕೆ ಸುಂಕ ಕೊಡದೆ ದಾಟಿದೆನೆಂದು
ಬೀಗುತ್ತಿದ್ದೆ ನಾನು. ನಲವತ್ತು ಗಂಟೆಯ ಆಟದ ಮೇಲೆ
ಅದರ ಮಗಳು ಊರಬಾಗಿಲಲ್ಲಿ ನಿಂತು
ರಸೀದಿ ಕೇಳಿದಳು.
ಆಟವೊಂದು ನನ್ನನ್ನು ನೆನಪಿಟ್ಟುಕೊಂಡಿತ್ತು!
ಆ ವರ್ಷ ಗಣಿಯ ಕಚೇರಿಗೂ ನನ್ನ ಹೆಸರು ನೆನಪಿರಲಿಲ್ಲ,
ಹದಿನಾಲ್ಕು ವರ್ಷ ಅಲ್ಲೇ ದೀಪ ಒರೆಸಿದ್ದೆ.

ಚಿತ್ರ ಒರಟು, ನಿಜ. ಮಂತ್ರವಾದಿಯ ಮುಖವೆಂದರೆ
ಹನ್ನೆರಡು ಚೌಕ: ಎರಡು ಕಣ್ಣು, ಮಿಕ್ಕದ್ದು ಗಡ್ಡ.
ಸುಕ್ಕು, ಸಿಟ್ಟು, ಬಾಯಿಯ ವಾಸನೆ ನೀನೇ ತುಂಬಬೇಕು.
ಈಗಿನವು ಎಲ್ಲವನ್ನೂ ತೋರಿಸುತ್ತವೆ,
ಬಾಣದ ಗುರುತಿಟ್ಟು ಬಾಗಿಲವರೆಗೆ ನಡೆಸುತ್ತವೆ,
ಹಸಿವೋ ಇಲ್ಲವೋ ಕೇಳದೆ
ತುತ್ತು ತುರುಕುವ ಸೋದರತ್ತೆಯ ಹಾಗೆ.

ಅದಾ? ಆ ಕಪ್ಪು ಪೆಟ್ಟಿಗೆ ಮಾರುವುದಕ್ಕಲ್ಲ.
ಗಾಳಿಗೆ ಮೇಜಿನ ಬಟ್ಟೆ ಹಾರದಿರಲಿ ಎಂದು ಇಟ್ಟಿದ್ದೇನೆ.

ಸರಿ, ತೆರೆ.
‘ಏಳು ಬೀಗದ ಕೆಳಗೆ’. ಇದಕ್ಕೆ ನಕ್ಷೆಯೇ ಇಲ್ಲ,
ಆಡುವವರೇ ಬರೆದುಕೊಳ್ಳಬೇಕು.
ಬರೆದವನು ನನ್ನಣ್ಣ ಅಲೋಯ್ಸ್.
ಹಗಲೆಲ್ಲ ಆರುನೂರು ಮೀಟರ್ ಆಳದಲ್ಲಿ ಕಲ್ಲಿದ್ದಲು ಕಡಿದು
ಮನೆಗೆ ಬಂದು, ಕೈ ತೊಳೆದು, ಮತ್ತೆ ಕೆಳಗಿಳಿಯುತ್ತಿದ್ದ.
ಒಂದು ಸುರಂಗ ಸಾಲದೇನೋ ನಿನಗೆ, ಅನ್ನುತ್ತಿದ್ದಳು ಅಮ್ಮ.
ನೋಡು, ಗಣಿಯವರ ಗುರುತುಗಳೇ:
ಇಲ್ಲಿ ಆಸರೆಯ ಕಂಬ, ಇಲ್ಲಿ ಗಾಳಿಯ ದಾರಿ, ಇಲ್ಲಿ ನೀರು,
ಇಲ್ಲಿ ಅಸ್ಥಿಪಂಜರ ನಾಲ್ಕು, ಅದರಲ್ಲೊಂದು ವಾಚಾಳಿ.
ಐದನೆಯ ಅಂತಸ್ತಿನಲ್ಲಿ ಪೆನ್ಸಿಲು ನಿಂತಿದೆ.

ಅಯ್ಯೋ, ಮುಖ ಹಾಗೆ ಮಾಡಬೇಡ. ಗಣಿ ಅವನನ್ನು ನುಂಗಲಿಲ್ಲ.
ಪ್ರೀತಿಯಾಯಿತು, ಬೆಟ್ಟದ ಕಡೆ ಹೋದ, ಜೇನು ಸಾಕುತ್ತಾನೆ.
ಫೋನ್ ಮಾಡಿದರೆ ಹವಾಮಾನ ಹೇಳುತ್ತಾನೆ.
ಆಟದ ಮಾತೆತ್ತಿದರೆ
ಯಾವ ಆಟ? ಅನ್ನುತ್ತಾನೆ.

ಆದರೆ ಫ್ಲಾಪಿಯಲ್ಲಿ ಆಟ ಉಳಿಸಿಡುವ ನಾಲ್ಕು ಗೂಡುಗಳಿವೆ.
ನಾಲ್ಕನೆಯದರಲ್ಲಿ ಆರು ಜನ
ಇನ್ನೂ ದೀಪ ಹಿಡಿದು ನಿಂತಿದ್ದಾರೆ.
ಕೊನೆಯವಳು ಕಳ್ಳಿ. ಹೆಸರು ನನ್ನದು, ವಿಯೆಶ್ಕಾ.
ಬೀಗ ಬಿಚ್ಚುವುದು: ತೊಂಬತ್ತೆರಡು.
ಧೈರ್ಯ: ಹನ್ನೊಂದು.
ಅಣ್ಣ ತಂಗಿಯನ್ನು ಅಳೆದದ್ದು ಹಾಗೆ. ಲೆಕ್ಕ ತಪ್ಪಿಲ್ಲ.

‘ಉಪ್ಪಿನ ಕೋಟೆ’ಗೆ ನಲವತ್ತು ಝ್ಲೋಟಿ ಕೊಡು,
ಇದನ್ನು ಒಯ್ದು ಹದಿನೈದು ದಿನದಲ್ಲಿ ತಂದುಕೊಡು.
ಮೊದಲ ಮೂರು ಗೂಡು ನಿನ್ನವು, ಕೊಲ್ಲು, ಸಾಯಿ, ಅಳಿಸು.
ನಾಲ್ಕನೆಯದನ್ನು ತೆರೆದು ನೋಡು, ಆಡಬೇಡ.
ದೀಪದಲ್ಲಿ ಎಣ್ಣೆ ಎಷ್ಟಿದೆ,
ಬಂದು ನನಗೆ ಹೇಳು ಸಾಕು.
ನಾನೇ ನೋಡಬಹುದಿತ್ತು. ಹೇಳಿದೆನಲ್ಲ, ಹನ್ನೊಂದು.

ಚಿಲ್ಲರೆ ಇದೆಯಾ?
ಮತ್ತೆ, ಆ ಇಲಿಯ ಮೇಲೆ ಬೆಂಕಿಯ ಮಂತ್ರ ಹಾಳುಮಾಡಬೇಡ.
ಚೀಸು ಎಸೆದು ಓಡು.